‘ಕ್ಯಾನ್ಸರ್ ಆಗಿದ್ರೆ ಕೇಳಬಹುದಿತ್ತು ಅಕ್ಕ’

ಸ್ತನದ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಸಿಲಿಕೋನ್ ಚೀಲದ ತೊಂದರೆ ಹೇಳಿಕೊಂಡು ಬರುವ ಹೆಂಗಸರು ಬಾಯಿ ತೆರೆಯುವುದೇ ‘ತಪ್ಪು ನಂದೇ’ ಅಂತ. ಈ ಮಾತು ಕೇಳಿದಾಗಲೆಲ್ಲ 2012ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಸಲಹೆಗಾರಳಾಗಿದ್ದ ನನ್ನೆದುರು ಕೂತಿದ್ದ ಒಬ್ಬರು ನೆನಪಾಗುತ್ತಾರೆ. ಗುರುತು ಸಿಗಬಾರದು ಅಂತ ವಿವರ ಬದಲಿಸಿದ್ದೇನೆ. ಶಾರದಾ ಅಂತ ಕರೆಯೋಣ.

ಹಾಸನದ ಕಡೆಯವರು, ಇಬ್ಬರು ಮಕ್ಕಳ ತಾಯಿ. ಎರಡನೆಯದು ಹಾಲು ಬಿಟ್ಟ ಮೇಲೆ, ಕೂಡಿಟ್ಟ ದುಡ್ಡಲ್ಲಿ ಖಾಸಗಿ ಕ್ಲಿನಿಕ್‌ಗೆ ಹೋಗಿ ಇಂಪ್ಲಾಂಟ್ ಹಾಕಿಸಿಕೊಂಡಿದ್ದರು. ಗಂಡನಿಗೊಬ್ಬನಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ. ಅದು ಫ್ರಾನ್ಸಿನ ಪಿಐಪಿ ಕಂಪನಿಯ ಮಾಲು. ವೈದ್ಯಕೀಯ ಬಳಕೆಗೆ ಒಪ್ಪಿಗೆ ಇಲ್ಲದ ಅಗ್ಗದ ಸಿಲಿಕೋನ್ ತುಂಬಿದ್ದು ಬಯಲಾಗಿ, 2010ರ ಮಾರ್ಚ್‌ನಲ್ಲಿ ಅದರ ಮಾರಾಟ ನಿಂತಿತ್ತು. ಬ್ರಿಟನ್ನಿನಲ್ಲೇ ಸುಮಾರು 47,000 ಹೆಂಗಸರ ಮೈಯೊಳಗೆ ಅದಿತ್ತು. ಶಾರದಾ ಅವರ ಕ್ಲಿನಿಕ್ ಅಷ್ಟರಲ್ಲಿ ಬಾಗಿಲು ಹಾಕಿತ್ತು.

2012ರ ಜನವರಿಯಲ್ಲಿ ಬ್ರಿಟನ್ ಸರ್ಕಾರ ಇಂಗ್ಲೆಂಡಿನ ಮಟ್ಟಿಗೆ ಒಂದು ತೀರ್ಮಾನಕ್ಕೆ ಬಂತು. ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲೇ ಪಿಐಪಿ ಹಾಕಿಸಿಕೊಂಡಿದ್ದವರಿಗೆ ತೆಗೆದು ಹೊಸದನ್ನೂ ಪುಕ್ಕಟೆ ಹಾಕಿಕೊಡುತ್ತಾರೆ. ಇವರಲ್ಲಿ ಹೆಚ್ಚಿನವರು ಕ್ಯಾನ್ಸರ್‌ನಿಂದ ಸ್ತನ ಕಳೆದುಕೊಂಡವರು. ಖಾಸಗಿಯಲ್ಲಿ ಹಾಕಿಸಿಕೊಂಡವರನ್ನು ಅವರವರ ಕ್ಲಿನಿಕ್ಕೇ ನೋಡಿಕೊಳ್ಳಬೇಕು. ಕ್ಲಿನಿಕ್ ಮುಚ್ಚಿದ್ದರೆ, ಇಲ್ಲಾ ಆಗಲ್ಲ ಅಂದರೆ, ಎನ್‌ಎಚ್‌ಎಸ್ ತೆಗೆದುಹಾಕುತ್ತದೆ, ಅಷ್ಟೇ. ‘ಹೊಸದರ ದುಡ್ಡು ನಾನೇ ಕೊಡ್ತೀನಿ, ಅದೇ ಆಪರೇಷನ್‌ನಲ್ಲಿ ಹಾಕಿಬಿಡಿ’ ಅಂದರೂ ಇಲ್ಲ. ಬ್ರಿಸ್ಟಲ್ ಹತ್ತಿರದ ಸೆವರ್ನ್ ಸೇತುವೆ ದಾಟಿದರೆ ವೇಲ್ಸ್. ಅಲ್ಲಿನ ಸರ್ಕಾರ ಖಾಸಗಿಯವರಿಗೂ ಹೊಸದು ಹಾಕಿಕೊಡುತ್ತೇವೆ ಅಂದಿತ್ತು. ಒಂದು ಸೇತುವೆಯ ಅಂತರ, ನೋಡಿ.

ಮೊದಲ ಭೇಟಿಯಲ್ಲಿ ನಾನು ಒಂದು ತಪ್ಪು ಮಾಡಿದೆ. ‘ಯಾಕೆ ಮಾಡಿಸಿಕೊಂಡ್ರಿ?’ ಅಂತ ಕೇಳಿಬಿಟ್ಟೆ. ಶಾರದಾ ತಲೆ ತಗ್ಗಿಸಿದರು. ಆಮೇಲೆ ಎರಡು ಭೇಟಿ ಬರೀ ಹಾರಿಕೆಯ ಉತ್ತರ.

ಮೂರನೆಯ ಸಲ ಬ್ಯಾಗಿನಿಂದ ಒಂದು ಕಾರ್ಡ್ ತೆಗೆದರು. ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ನಂಬರ್ ಇರುವ ಕಾರ್ಡ್. ಗಮ್ಮನೆ ನುಸಿಗುಳಿಗೆ ವಾಸನೆ. ಇಷ್ಟು ವರ್ಷ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದರಂತೆ. ಎಡ ಸ್ತನದಲ್ಲಿ ಗಂಟು ಸಿಕ್ಕಿ ಐದು ತಿಂಗಳಾಗಿತ್ತು. ಜಿಪಿ, ಅಂದರೆ ಅಲ್ಲಿ ಮೊದಲು ನೋಡುವ ಸಾಮಾನ್ಯ ವೈದ್ಯರ ಹತ್ತಿರ ಹೋಗಿರಲಿಲ್ಲ.

‘ಯಾಕೆ ಹೋಗಿಲ್ಲ?’ ಅಂದೆ.

‘ಕ್ಯಾನ್ಸರ್ ಆಗಿದ್ರೆ ಕೇಳಬಹುದಿತ್ತು ಅಕ್ಕ. ನಾನು ಚಂದಕ್ಕೆ ಅಂತ ಹಾಕಿಸಿಕೊಂಡವಳು. ಯಾವ ಮುಖ ಇಟ್ಟುಕೊಂಡು ಕೇಳಲಿ?’

ಆ ಮಾತು ಕೇಳಿ ನನಗೆ ಮೈ ಜುಮ್ ಅಂತು. ಒಂದು ಕಾಯಿಲೆ ಬಂದಿದ್ದರೆ ಚೆನ್ನಾಗಿತ್ತು ಅಂತ ಒಬ್ಬ ತಾಯಿ ಅಂದುಕೊಳ್ಳುವಷ್ಟು ನಾಚಿಕೆ! ಆ ನಾಚಿಕೆಗೆ ನನ್ನ ಮೊದಲ ದಿನದ ಪ್ರಶ್ನೆಯೂ ಒಂದು ಹಿಡಿ ಮಣ್ಣು ಹಾಕಿತ್ತು. ಅದಕ್ಕೆ ಅವರ ಹತ್ತಿರ ಕ್ಷಮೆ ಕೇಳಿದೆ.

ಆಮೇಲೆ ನಾನು ಹೇಳಿದ್ದು ಇಷ್ಟು. ಈ ವಾರವೇ ಜಿಪಿಯನ್ನು ನೋಡಿ. ಕಾರ್ಡ್ ಕೈಯಲ್ಲಿರಲಿ. ಗಂಟಿನ ವಿಷಯ ಮೊದಲು ಹೇಳಿ, ಸ್ಕ್ಯಾನ್ ಬೇಕು ಅಂತ ಬಾಯಿ ಬಿಟ್ಟು ಕೇಳಿ. ಗಂಟು ಇಂಪ್ಲಾಂಟಿನದೇ ಅಂತ ಸುಮ್ನೆ ಅಂದುಕೊಳ್ಳಬೇಡಿ. ಯಾಕೆ ಹಾಕಿಸಿಕೊಂಡ್ರಿ ಅಂದರೆ ‘ನನ್ನ ಇಷ್ಟ’ ಅಂದರೆ ಸಾಕು. ಹೊಸದು ಹಾಕಿಸಬೇಕಾ ಬೇಡವಾ ಅನ್ನೋದನ್ನ ಸ್ಕ್ಯಾನ್ ಆಗೋವರೆಗೂ ಪಕ್ಕಕ್ಕಿಡಿ. ಆಸ್ಪತ್ರೆಗೆ ಜೊತೆಯಲ್ಲಿ ಬರೋಕೆ ಗಂಡನಲ್ಲದೆ ಇನ್ನೊಬ್ಬರಿಗಾದರೂ ವಿಷಯ ಗೊತ್ತಿರಲಿ.

ಪಕ್ಕಕ್ಕಿಡಿ ಅಂದಿದ್ದಕ್ಕೆ ಜೊತೆಯ ಸಲಹೆಗಾರರೊಬ್ಬರು ಬೇಸರ ಮಾಡಿಕೊಂಡರು. ಶಾರದಾ ಅವರ ಆಸೆಯನ್ನು ನೀವೇ ತಳ್ಳಿಹಾಕಿದ ಹಾಗಾಯ್ತಲ್ವಾ ಅಂತ. ನಾನು ಹಾಗೆ ಅಂದುಕೊಂಡಿಲ್ಲ. ‘ತೆಗೆಸಿದರೆ ಚಪ್ಪಟೆಯಾಗಿ ಕಾಣ್ತೀನಿ’ ಅನ್ನುವ ಭಯಕ್ಕೂ ಶಾರದಾ ಐದು ತಿಂಗಳು ಗಂಟನ್ನು ಮುಚ್ಚಿಟ್ಟಿದ್ದರು. ಎರಡೂ ಪ್ರಶ್ನೆ ಒಟ್ಟಿಗೆ ಇದ್ದಷ್ಟು ದಿನ ಅವರು ಜಿಪಿಯ ಬಾಗಿಲು ತಟ್ಟುತ್ತಿರಲಿಲ್ಲ.

‘ಅವರ ಶೋಕಿಗೆ ನಮ್ಮ ತೆರಿಗೆ ಯಾಕೆ?’ ಅನ್ನುವವರೂ ಇದ್ದಾರೆ. ಫುಟ್‌ಬಾಲ್ ಆಡಿ ಕಾಲು ಮುರಿದುಕೊಂಡವರನ್ನು, ಸಿಗರೇಟು ಸೇದಿ ಶ್ವಾಸಕೋಶ ಹಾಳು ಮಾಡಿಕೊಂಡವರನ್ನು ಎನ್‌ಎಚ್‌ಎಸ್ ಸಾಮಾನ್ಯವಾಗಿ ಹಾಗೆ ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸುರಕ್ಷತಾ ನಿಯಮಕ್ಕೆ ಸರಿಹೊಂದುತ್ತದೆ ಅಂತ ಸೂಚಿಸುವ ಯುರೋಪಿನ ಸಿಇ ಗುರುತು ಇದ್ದ ಸಾಮಾನನ್ನು ನಂಬಿ ಈ ಹೆಂಗಸರು ಮೈಕೊಟ್ಟಿದ್ದರು. ಆ ಗುರುತು ಕೊಟ್ಟ ವ್ಯವಸ್ಥೆಗೆ ಜವಾಬ್ದಾರಿ ಬೇಡವಾ? ಹೊಸದರ ಖರ್ಚು ಸರ್ಕಾರದ್ದಾಗಬೇಕಾ ಅನ್ನುವುದರಲ್ಲಿ ಎರಡು ಮಾತಿರಬಹುದು, ಒಪ್ಪುತ್ತೇನೆ. ಆದರೆ ದುಡ್ಡು ಕೊಡಲು ತಯಾರಿದ್ದವರಿಗೂ ಒಂದರ ಬದಲು ಎರಡು ಸಲ ಅರಿವಳಿಕೆ, ಎರಡು ಸಲ ಕತ್ತರಿ ಅನ್ನುವ ನಿಯಮವನ್ನು ನಾನು ಇವತ್ತಿಗೂ ಒಪ್ಪಿಲ್ಲ.

ಅದೇ ವರ್ಷ ಜೂನ್‌ನಲ್ಲಿ ಸರ್ಕಾರದ ತಜ್ಞರ ವರದಿ ಬಂತು. ಪಿಐಪಿ ಒಡೆಯುವ ಸಾಧ್ಯತೆ ಬೇರೆಯವುಗಳಿಗಿಂತ 2ರಿಂದ 6 ಪಟ್ಟು ಜಾಸ್ತಿ, ಆದರೆ ಅದರಿಂದ ಕ್ಯಾನ್ಸರ್ ಬರುತ್ತೆ ಅನ್ನೋಕೆ ಆಧಾರ ಇಲ್ಲ ಅಂತಿತ್ತು. ಅಷ್ಟರಲ್ಲಿ ಶಾರದಾ ಅವರ ಸ್ಕ್ಯಾನ್ ಆಗಿತ್ತು. ಎಡಗಡೆಯದು ಒಡೆದಿತ್ತು. ಎರಡನ್ನೂ ತೆಗೆದರು. ಆಸ್ಪತ್ರೆಗೆ ಜೊತೆಗೆ ಹೋದದ್ದು ಅವರ ನಾದಿನಿ.

ಚಳಿಗಾಲಕ್ಕೆ ಮುಂಚೆ ಒಮ್ಮೆ ಬಂದಿದ್ದರು. ಹೊಸದು ಹಾಕಿಸುವ ವಿಷಯ ನಾನು ಎತ್ತಲಿಲ್ಲ, ಅವರೇ ಎತ್ತಿದರು. ಬ್ಲೌಸ್‌ಗಳಿಗೆಲ್ಲ ಪಕ್ಕದಲ್ಲಿ ಒಳಹೊಲಿಗೆ ಹಾಕಿ ಬಿಗಿ ಮಾಡಿಕೊಂಡಿದ್ದಾರಂತೆ.

‘ಹೊಲಿಗೆಯೊಳಗೆ ಉಳಿದ ಬಟ್ಟೆ ಕತ್ತರಿಸಿಲ್ಲ ಅಕ್ಕ,’ ಅಂದರು. ‘ಇರಲಿ. ಇನ್ನೂ ಯೋಚನೆ ಮಾಡ್ತಿದ್ದೀನಿ.’