ಪ್ರೆಸ್ ಗ್ಯಾಲರಿ ಪಾಸ್ ಕೊಡೋರು ಯಾರು?

ಪ್ರಶ್ನೆ: ನಾನು ಫ್ರೀಲಾನ್ಸ್ ಆಗಿ ರಾಜಕೀಯ ವರದಿ ಬರೀತೀನಿ, ಯಾವ ಪತ್ರಿಕೆ ಸಂಬಳದ ಪಟ್ಟಿಯಲ್ಲೂ ಇಲ್ಲ. ಪಾರ್ಲಿಮೆಂಟಿನ ಪ್ರೆಸ್ ಗ್ಯಾಲರಿಗೆ ನನ್ನಂಥೋರಿಗೆ ಪಾಸ್ ಸಿಗುತ್ತಾ? ಯಾರನ್ನ ಕೇಳಬೇಕು?

ಉತ್ತರ: ಸಿಗುತ್ತೆ, ಆದ್ರೆ ಸಂಬಳದ ಪತ್ರಕರ್ತರಿಗಿಂತ ಜಾಸ್ತಿ ಓಡಾಡಬೇಕು. ಯಾರನ್ನ ಕೇಳಬೇಕು ಅನ್ನೋದು ದೇಶದಿಂದ ದೇಶಕ್ಕೆ ಬೇರೆ. ಭಾರತದಲ್ಲಿ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿ ಪತ್ರಕರ್ತರಿಗೆ ಕೊಡೋ ಕಾರ್ಡ್ ಇದ್ದ ಮಾತ್ರಕ್ಕೆ ಸದನದ ಗ್ಯಾಲರಿಗೆ ಬಿಡಲ್ಲ, ಅದಕ್ಕೆ ಸಂಸತ್ತಿನ ಸಚಿವಾಲಯವೇ ಪಾಸ್ ಕೊಡಬೇಕು, ಸ್ಪೀಕರ್‌ಗೆ ಸಲಹೆ ಕೊಡೋಕೆ ಪತ್ರಕರ್ತರ ಸಮಿತಿ ಅಂತ ಒಂದಿರುತ್ತೆ. ಅಮೆರಿಕದ ಕಾಂಗ್ರೆಸ್‌ನಲ್ಲಿ ದಿನಪತ್ರಿಕೆಯವರ ಅರ್ಜಿಗಳನ್ನ ನೋಡೋದು ಪತ್ರಕರ್ತರೇ ವೋಟು ಹಾಕಿ ಆರಿಸಿದ 5 ಜನರ ಸಮಿತಿ.

ಎಷ್ಟೋ ಜನ ಐಡಿ ಕಾರ್ಡು, ಲೆಟರ್‌ಹೆಡ್ಡು ಅಂತ ತಲೆ ಕೆಡಿಸ್ಕೋತಾರೆ, ಆದ್ರೆ ನಿಜವಾಗಿ ಕೆದಕಿ ಕೇಳೋದು ನಿಮ್ಮ ದುಡ್ಡು ಎಲ್ಲಿಂದ ಬರುತ್ತೆ ಅಂತ. ಯಾಕಂದ್ರೆ ಲಾಬಿ ಮಾಡೋರು, ಅಂದ್ರೆ ಯಾರದೋ ಪರವಾಗಿ ಜನಪ್ರತಿನಿಧಿಗಳ ಮೇಲೆ ಪ್ರಭಾವ ಬೀರೋರು, ಪತ್ರಕರ್ತರ ವೇಷದಲ್ಲಿ ಒಳಗೆ ನುಗ್ತಿದ್ದ ಕಾಲ ಒಂದಿತ್ತು, ಅವರನ್ನ ಹೊರಗಿಡೋಕೆ ಅಂತಾನೇ ಅಮೆರಿಕದಲ್ಲಿ ಈ ನಿಯಮ ಗಟ್ಟಿ ಮಾಡಿದ್ದು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸುದ್ದಿಗೆ ಹೆಸರಾದ ಸ್ಕೋಟಸ್‌ಬ್ಲಾಗ್ ಅನ್ನೋ ವೆಬ್‌ಸೈಟಿಗೇ ಸೆನೆಟ್ ಪಾಸ್ ಸಿಗಲಿಲ್ಲ, ಅದನ್ನ ನಡೆಸ್ತಿದ್ದೋರು ಅದೇ ಕೋರ್ಟಲ್ಲಿ ವಾದ ಮಾಡೋ ವಕೀಲರು ಅನ್ನೋದೇ ತೊಡಕಾಯ್ತು. ಒಳ್ಳೆ ಕೆಲಸ ಮಾಡೋರನ್ನ ಹೀಗೆ ಹೊರಗೆ ನಿಲ್ಲಿಸಿದ್ದು ನನಗಂತೂ ಸರಿ ಅನ್ಸಲ್ಲ. ಬ್ರಿಟನ್ನಿನ ದಾರಿ ವಾಸಿ, ಪಾಸ್ ಇರೋ ಪತ್ರಕರ್ತರು ಆ ಪಾಸಿನಿಂದ ಅನುಕೂಲ ಆಗೋ ಬೇರೆ ಸಂಪಾದನೆ ಇದ್ರೆ ರಿಜಿಸ್ಟರ್‌ನಲ್ಲಿ ಬರೆಸಬೇಕು, ಅದನ್ನ ಯಾರು ಬೇಕಾದ್ರೂ ನೋಡಬಹುದು. ಹಾಗಂತ ಅಲ್ಲೂ ಮೊದಲಿಂದ ಹೀಗಿರಲಿಲ್ಲ, 1771ರವರೆಗೂ ಸದನದ ಮಾತು ಅಚ್ಚು ಹಾಕಿದ ಮುದ್ರಕರನ್ನ ಹಿಡಿಸ್ತಿದ್ರು, ವರದಿಗಾರರಿಗೆ ಅಂತ ಗ್ಯಾಲರಿಯಲ್ಲಿ ಜಾಗ ಮೀಸಲಾಗಿದ್ದೇ 1803ರಲ್ಲಿ.

ನೀವು ಮೊದಲೇ ವರ್ಷದ ಪಾಸಿಗೆ ಕೈ ಹಾಕಬೇಡಿ. ಒಂದು ಮಸೂದೆನೋ ಒಂದು ಚರ್ಚೆನೋ ಹಿಡ್ಕೊಂಡು, ಅದನ್ನ ಪ್ರಕಟಿಸೋ ಸಂಪಾದಕರಿಂದ ಪತ್ರ ತಗೊಂಡು, ತಾತ್ಕಾಲಿಕ ಪಾಸ್ ಇದೆಯಾ ಅಂತ ಕೇಳಿ. ಅಚ್ಚಾದ ವರದಿ, ಸಂಭಾವನೆ ಬಂದ ರಸೀದಿ ಎರಡನ್ನೂ ಎತ್ತಿಡಿ, ಮುಂದಿನ ಅರ್ಜಿ ಜೊತೆ ಅವನ್ನೇ ಲಗತ್ತಿಸಬೇಕಾಗುತ್ತೆ. ಪಕ್ಷಕ್ಕೋ ಕಂಪನಿಗೋ ಪ್ರಚಾರದ ಬರಹ ಬರೆದುಕೊಡ್ತಿದ್ರೆ ಮುಚ್ಚಿಡದೆ ನೀವೇ ಮೊದಲು ಹೇಳಿಬಿಡಿ.