ಕರೆಂಟ್ ಹೋದ ತಂತಿ, ಕರೆಂಟ್ ಇಲ್ಲದ ತಂತಿ

ಓದುಗರ ಪ್ರಶ್ನೆಗಳು: ವಿದ್ಯುತ್ ಸುರಕ್ಷತೆ
ಉತ್ತರಿಸುವವರು: ವಿದ್ಯುತ್ ವಿತರಣಾ ಕಂಪನಿಯೊಂದರ ನಿವೃತ್ತ ಎಂಜಿನಿಯರ್

ಪ್ರಶ್ನೆ: ನನ್ನ ಯಜಮಾನರು ಗ್ರಾಮೀಣ ಶಾಖೆಯೊಂದರಲ್ಲಿ ಪವರ್‌ಮ್ಯಾನ್. ಮಳೆಗಾಲದಲ್ಲಿ ಸರಿರಾತ್ರಿಯಲ್ಲೂ ಫೋನ್ ಬರುತ್ತದೆ, ಬೇಗ ಕರೆಂಟ್ ಕೊಡಿ ಎಂದು ಜನ ಕಂಬದ ಬುಡದಲ್ಲೇ ನಿಂತು ಅವಸರ ಮಾಡುತ್ತಾರೆ. ಲೈನ್ ಆಫ್ ಮಾಡಿಸಿಯೇ ಹತ್ತುತ್ತೇನೆ, ಹೆದರಬೇಡ ಎಂದು ಅವರು ಹೇಳುತ್ತಾರೆ. ಆಫ್ ಮಾಡಿದ ಮೇಲೂ ಲೈನ್‌ಮನ್‌ಗಳು ಸಾಯುವ ಸುದ್ದಿ ಬರುತ್ತಲೇ ಇದೆಯಲ್ಲ, ಅದು ಹೇಗೆ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ತಾಯಿ, ನಿಮ್ಮ ಭಯಕ್ಕೆ ಕಾರಣವಿದೆ. ಕರೆಂಟ್ ಹೋಗಿರುವ ತಂತಿ ಬೇರೆ, ಕರೆಂಟ್ ಇಲ್ಲದ ತಂತಿ ಬೇರೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ವಿದ್ಯುತ್ ಸ್ಟೇಷನ್ನಿನಲ್ಲಿ ಫೀಡರ್ (ಅಲ್ಲಿಂದ ಊರುಗಳಿಗೆ ಕರೆಂಟ್ ಒಯ್ಯುವ ಲೈನ್) ಆಫ್ ಆದ ಮೇಲೂ ಅದೇ ತಂತಿಗೆ ಮೂರು ದಾರಿಗಳಿಂದ ಕರೆಂಟ್ ಬರಬಹುದು. ಒಂದು, ಕೆಲಸ ಮುಗಿಯಿತೆಂದು ತಪ್ಪಾಗಿ ತಿಳಿದು ಯಾರೋ ಲೈನಿಗೆ ಮತ್ತೆ ಕರೆಂಟ್ ಹಾಕುವುದು. ಎರಡು, ಮೇಲೆ ಹಾದುಹೋಗುವ ಅಥವಾ ಪಕ್ಕದಲ್ಲೇ ಸಾಗುವ ಬೇರೊಂದು ಲೈನ್ ತಗಲುವುದು. ಮೂರನೆಯದು ಊರಿನೊಳಗಿನಿಂದಲೇ ಬರುತ್ತದೆ. ಕರೆಂಟ್ ಹೋದೊಡನೆ ಒಬ್ಬರು ಜನರೇಟರ್ ಹಚ್ಚಿ, ಮನೆಯನ್ನು ಹೊರಗಿನ ಲೈನಿನಿಂದ ಬಿಡಿಸಿ ಜನರೇಟರ್‌ಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದರ ವೈರನ್ನು ಮನೆಯ ಸಾಕೆಟ್‌ಗೇ ಸಿಕ್ಕಿಸುತ್ತಾರೆ. ಮೀಟರ್ ದಾಟಿ ಕಂಬಕ್ಕೆ ಹೋದ ಆ ಕರೆಂಟ್ ಟಿ.ಸಿ.ಯನ್ನು (ಟ್ರಾನ್ಸ್‌ಫಾರ್ಮರನ್ನು) ಹಿಂದಿನಿಂದ ಹೊಕ್ಕಾಗ, 11,000 ವೋಲ್ಟನ್ನು 433ಕ್ಕೆ ಇಳಿಸುವ ಅದೇ ಟಿ.ಸಿ. ಈಗ ವೋಲ್ಟೇಜನ್ನು ಸುಮಾರು 25 ಪಟ್ಟು ಏರಿಸುತ್ತದೆ. ಮನೆಯಲ್ಲಿ ಎರಡು ಬಲ್ಬ್ ಉರಿಯಲೆಂದು ಮಾಡಿದ ಕೆಲಸ ಕಂಬದ ಮೇಲಿರುವವನ ಕೈಗೆ ಸಾವಿರಾರು ವೋಲ್ಟ್ ಆಗಿ ತಲುಪಬಹುದು.

ಇದಕ್ಕೆ ಇರುವ ರಕ್ಷಣೆಯೆಂದರೆ ಲೈನ್ ಕ್ಲಿಯರ್ (ಎಲ್.ಸಿ., ಅಂದರೆ ಲೈನ್ ಆಫ್ ಮಾಡಿದ್ದೇವೆ, ಕೆಲಸ ಮಾಡಬಹುದು ಎಂಬ ಸ್ಟೇಷನ್ನಿನ ಅನುಮತಿ) ಪಡೆದು, ತಂತಿಯನ್ನು ಪರೀಕ್ಷಿಸಿ, ಅರ್ತ್ ಮಾಡಿ (ಅಂದರೆ ತಂತಿಯನ್ನು ನೆಲಕ್ಕೆ ಜೋಡಿಸಿ), ಆಮೇಲೆ ಮುಟ್ಟುವುದು. ಎಲ್.ಸಿ. ಪಡೆದವನೇ ಅದನ್ನು ಹಿಂತಿರುಗಿಸಬೇಕು. ಅವನ ಪರವಾಗಿ ಇನ್ನೊಬ್ಬರು ಫೋನಿನಲ್ಲಿ ‘ಆಯಿತು, ಹಾಕಿ’ ಎಂದರೆ ಸ್ಟೇಷನ್ನಿನವರು ಹಾಕಕೂಡದು. ಫೀಡರ್‌ನ ಹೆಸರನ್ನೂ ಸಂಖ್ಯೆಯನ್ನೂ ಎರಡೂ ಕಡೆಯವರು ಪುಸ್ತಕದಲ್ಲಿ ಬರೆದುಕೊಂಡು, ಪರಸ್ಪರ ಓದಿ ಹೇಳಬೇಕು. ಒಂದೇ ಹೋಬಳಿಯಲ್ಲಿ ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಫೀಡರ್‌ಗಳಿದ್ದು, ಒಂದಕ್ಕೆ ಎಲ್.ಸಿ. ಕೇಳಿದರೆ ಇನ್ನೊಂದು ಆಫ್ ಆದದ್ದನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಅಂದು ನಮ್ಮ ಹುಡುಗ ಅರ್ತ್ ರಾಡಿನ ಕ್ಲ್ಯಾಂಪನ್ನು ಮೊದಲು ನೆಲದ ಅರ್ತಿಂಗ್‌ಗೆ ಬಿಗಿದು, ಆಮೇಲೆ ಕೊಕ್ಕೆಯನ್ನು ತಂತಿಗೆ ತಾಗಿಸಿದ. ಭಾರೀ ಸದ್ದಿನೊಂದಿಗೆ ನೀಲಿ ಕಿಡಿ ಹಾರಿತು, ದೂರದ ಸ್ಟೇಷನ್ನಿನಲ್ಲಿ ಬ್ರೇಕರ್ ಟ್ರಿಪ್ ಆಯಿತು, ರಾಡಿನ ತುದಿ ಕರಗಿ ಕಪ್ಪಾಯಿತು. ಹುಡುಗ ಬದುಕಿಕೊಂಡ. ರಾಡ್ ಜೀಪಿನಲ್ಲೇ ಉಳಿದಿದ್ದರೆ ಆ ಕೊಕ್ಕೆಯ ಜಾಗದಲ್ಲಿ ಅವನ ಕೈ ಇರುತ್ತಿತ್ತು.

ಆದ್ದರಿಂದ ನೀವು ಯಜಮಾನರನ್ನು ‘ಲೈನ್ ಆಫ್ ಆಗಿದೆಯಾ’ ಎಂದು ಕೇಳಬೇಡಿ, ‘ಎರಡೂ ಕಡೆ ಅರ್ತ್ ಮಾಡಿದಿರಾ’ ಎಂದು ಕೇಳಿ. ಕೆಲಸದ ಜಾಗದ ಒಂದೇ ಬದಿಗೆ ಅರ್ತ್ ಮಾಡಿದರೆ, ಜನರೇಟರ್ ಇರುವ ಇನ್ನೊಂದು ಬದಿ ತೆರೆದೇ ಇರುತ್ತದೆ. ಗ್ಲೌಸ್, ಹೆಲ್ಮೆಟ್, ಬೆಲ್ಟ್ ಖಂಡಿತ ಬೇಕು, ಆದರೆ ಅವು ಅರ್ತಿಂಗ್‌ಗೆ ಬದಲಿಯಲ್ಲ. ರಾಡ್ ಕೊಟ್ಟಿಲ್ಲವೆಂದಾದರೆ ಶಾಖಾಧಿಕಾರಿಗೆ ಬರವಣಿಗೆಯಲ್ಲಿ ಕೇಳಲಿ, ಸಿಗುವ ತನಕ ಕಂಬ ಹತ್ತದಿರಲಿ. ಗುತ್ತಿಗೆಯ ಮೇಲೆ ದುಡಿಯುವ ಹುಡುಗರಿಗೆ ಹೀಗೆ ಹೇಳುವ ಧೈರ್ಯ ಬರುವುದು ಕಷ್ಟ. ಅವರ ಪರವಾಗಿ ಈ ಮಾತನ್ನು ಕಾಯಂ ನೌಕರರೇ ಎತ್ತಬೇಕು. ಕಂಬದ ಕೆಳಗೆ ನಿಲ್ಲುವ ಊರಿನವರಲ್ಲಿ ನನ್ನ ವಿನಂತಿ ಇಷ್ಟೇ: ಅವಸರ ಮಾಡಬೇಡಿ, ಚೇಂಜ್‌ಓವರ್ ಸ್ವಿಚ್ ಹಾಕಿಸದೆ ಜನರೇಟರ್ ಹಚ್ಚಬೇಡಿ.

ಪ್ರಶ್ನೆ: ನಮ್ಮ ತೋಟದ ದಾರಿಯಲ್ಲಿ ಮರ ಬಿದ್ದು ತಂತಿ ಹರಿದಿತ್ತು. ಒಣಗಿದ ಕೋಲಿನಿಂದ ಸರಿಸಬಹುದು ಎಂದು ಕೆಲವರು ಹೇಳಿದರು. ಕರೆಂಟ್ ಇದ್ದರೆ ಫ್ಯೂಸ್ ಹೋಗಿಯೇ ಇರುತ್ತದೆ ಎಂದು ಇನ್ನು ಕೆಲವರು ವಾದಿಸಿದರು. ಯಾವುದು ಸರಿ?
(ಓದುಗರು, ತೀರ್ಥಹಳ್ಳಿ)

ಉತ್ತರ: ಎರಡೂ ಸರಿಯಲ್ಲ. ತಂತಿ ಇನ್ನೊಂದು ತಂತಿಗೆ ತಗುಲಿದರೆ ಭಾರೀ ಕರೆಂಟ್ ಹರಿದು ಫ್ಯೂಸ್ ಹೋಗುತ್ತದೆ, ನಿಜ. ಆದರೆ ಒಣ ನೆಲ, ಕಲ್ಲು, ಡಾಂಬರು, ಕಾಂಕ್ರೀಟ್ ಇವುಗಳ ಮೇಲೆ ಬಿದ್ದಾಗ ನೆಲಕ್ಕೆ ಹರಿಯುವ ಕರೆಂಟ್ ಎಷ್ಟೋ ಸಲ ಫ್ಯೂಸ್ ಸುಡುವಷ್ಟಾಗಲಿ, ಬ್ರೇಕರ್ ಟ್ರಿಪ್ ಆಗುವಷ್ಟಾಗಲಿ ಇರುವುದಿಲ್ಲ. ಮನುಷ್ಯನನ್ನು ಕೊಲ್ಲಲು ಮಾತ್ರ ಅದು ಧಾರಾಳ ಸಾಕು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಬಳಿ ಬೆಳಗಿನ ಜಾವ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿಯನ್ನು ತುಳಿದು ತಾಯಿ ಮತ್ತು ಆಕೆಯ ತೋಳಿನಲ್ಲಿದ್ದ ಒಂಬತ್ತು ತಿಂಗಳ ಮಗು ಸತ್ತದ್ದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಕೋಲಿನ ಒಳಗಿನ ತೇವ ಕಣ್ಣಿಗೆ ಕಾಣುವುದಿಲ್ಲ, 11 ಕೆ.ವಿ. (11,000 ವೋಲ್ಟ್) ಮುಂದೆ ಅದನ್ನು ನಂಬಲೇಬಾರದು. ಹತ್ತು ಮೀಟರಿಗಿಂತ ಹೆಚ್ಚು ದೂರ ನಿಂತು, ದನಕರುಗಳನ್ನೂ ಮಕ್ಕಳನ್ನೂ ತಡೆದು, 1912ಕ್ಕೆ ಫೋನ್ ಮಾಡಿ ಹತ್ತಿರದ ಟಿ.ಸಿ. ಅಥವಾ ಕಂಬದ ಸಂಖ್ಯೆ ಹೇಳಿ. ತಂತಿ ಬಿದ್ದ ಜಾಗದ ಸುತ್ತ ನೆಲದಲ್ಲೇ ವೋಲ್ಟೇಜ್ ಹರಡಿರುತ್ತದೆ. ಎರಡು ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ಮೈಯೊಳಗೆ ಹರಿಯುವ ಕರೆಂಟ್ ಹೆಚ್ಚುತ್ತದೆ. ಗೊತ್ತಿಲ್ಲದೆ ಹತ್ತಿರ ಹೋಗಿದ್ದರೆ ಓಡಬೇಡಿ, ಪಾದಗಳನ್ನು ಜೋಡಿಸಿ ನೆಲಕ್ಕೆ ಸವರುತ್ತ ಇಷ್ಟಿಷ್ಟೇ ಹಿಂದೆ ಸರಿಯಿರಿ. ಮುಂಗಾಲು ಹಿಂಗಾಲುಗಳ ನಡುವಿನ ಅಂತರ ದೊಡ್ಡದಾದ ಕಾರಣ ಹಸುಗಳು ಇಂಥಲ್ಲಿ ಬೇಗ ಬಲಿಯಾಗುತ್ತವೆ.

ಪ್ರಶ್ನೆ: ಹರಿದು ಬಿದ್ದ ತಂತಿಯಿಂದ ಸಾವು ಸಂಭವಿಸಿದರೆ, ಯಾರೋ ತಂತಿ ಎಳೆದಿದ್ದರು, ನಮ್ಮ ತಪ್ಪಿಲ್ಲ ಎಂದು ಕಂಪನಿ ಕೈತೊಳೆದುಕೊಳ್ಳಬಹುದೆ?
(ಓದುಗರು, ಚಳ್ಳಕೆರೆ)

ಉತ್ತರ: ಆಗದು. ಮಧ್ಯಪ್ರದೇಶದಲ್ಲಿ ಮಳೆಯ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಮರಳುತ್ತಿದ್ದವರೊಬ್ಬರು ನೀರಿನಲ್ಲಿ ಬಿದ್ದಿದ್ದ ತಂತಿಯಿಂದ ಸತ್ತಾಗ, ಯಾರೋ ಕರೆಂಟ್ ಕದಿಯಲು ಎಳೆದ ತಂತಿ ಅದು ಎಂದು ಅಲ್ಲಿನ ವಿದ್ಯುತ್ ಮಂಡಳಿ ವಾದಿಸಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ; ಇಷ್ಟು ಅಪಾಯಕಾರಿಯಾದ ವಸ್ತುವನ್ನು ಸರಬರಾಜು ಮಾಡುವವರು, ನಿರ್ಲಕ್ಷ್ಯ ಇರಲಿ ಇಲ್ಲದಿರಲಿ, ಪರಿಹಾರಕ್ಕೆ ಹೊಣೆಗಾರರು ಎಂದಿತು. ನೀವು ಮಾಡಬೇಕಾದ್ದು ಪೊಲೀಸ್ ದೂರು ಕೊಡುವುದು, ಮರಣೋತ್ತರ ಪರೀಕ್ಷೆ ಮಾಡಿಸುವುದು ಮತ್ತು ತಂತಿ ತೆಗೆಯುವ ಮೊದಲೇ ದೂರದಿಂದ ಫೋಟೋ ತೆಗೆದಿಟ್ಟುಕೊಳ್ಳುವುದು. ಸಾವು ಗೊತ್ತಾದ 24 ಗಂಟೆಗಳೊಳಗೆ ಕಂಪನಿಯು ಸರ್ಕಾರದ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಲೇಬೇಕು. ತಿಳಿಸಿದ್ದಾರೆಯೇ ಎಂದು ಜಿಲ್ಲೆಯ ಪರಿವೀಕ್ಷಕರ ಕಚೇರಿಗೆ ನೀವೇ ಹೋಗಿ ವಿಚಾರಿಸಿ, ಅವರ ತನಿಖಾ ವರದಿಯ ಪ್ರತಿಗೆ ಅರ್ಜಿ ಹಾಕಿ. ನ್ಯಾಯಾಲಯದಲ್ಲಿ ನಿಮ್ಮ ಕೈ ಹಿಡಿಯುವ ಮುಖ್ಯ ಕಾಗದ ಅದು.

ಪ್ರಶ್ನೆ: ನಮ್ಮ ಹೊಸ ಮನೆಯ ಬಾಲ್ಕನಿಗೆ 11 ಕೆ.ವಿ. ಲೈನ್ ಕೈಗೆಟಕುವಂತಿದೆ. ಎಷ್ಟು ಅಂತರ ಬೇಕು?
(ಓದುಗರು, ತುಮಕೂರು)

ಉತ್ತರ: ಪಕ್ಕಕ್ಕೆ ಕನಿಷ್ಠ 1.2 ಮೀಟರ್, ತಾರಸಿಯ ಮೇಲಕ್ಕೆ ಕನಿಷ್ಠ 3.7 ಮೀಟರ್. ಗಾಳಿಗೆ ತಂತಿ ಅತಿ ಹೆಚ್ಚು ತೂಗಿದಾಗಲೂ ಇಷ್ಟು ಉಳಿಯಬೇಕು. ಲೈನ್ ಮೊದಲೇ ಇದ್ದು, ನೀವು ಆಮೇಲೆ ಬಾಲ್ಕನಿ ಚಾಚಿದ್ದರೆ ಸ್ಥಳಾಂತರದ ವೆಚ್ಚ ನಿಮ್ಮ ಮೇಲೆ ಬರಬಹುದು. ಆದರೂ ಉಪವಿಭಾಗ ಕಚೇರಿಗೆ ಇಂದೇ ಅರ್ಜಿ ಕೊಡಿ. ಲೈನ್ ಸರಿಸುವ ತನಕ ಆ ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ, ಅಲ್ಲಿ ಬಟ್ಟೆ ಒಣಗಿಸುವ ಕಬ್ಬಿಣದ ಸರಳು ಇದ್ದರೆ ಅದನ್ನು ಒಳಕ್ಕೆ ತಂದಿಡಿ.