ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡಿಗೆ ಥರ್ಮಲ್ ಪೇಸ್ಟ್ ಬದಲಿಸಬೇಕಾ?

ಗೇಮ್ ಆಡುವಾಗ ಕಾರ್ಡ್ 83 ಡಿಗ್ರಿ ಮುಟ್ಟಿ ಫ್ಯಾನ್ ಅರಚುತ್ತದೆ, ಪೇಸ್ಟ್ (ಚಿಪ್ಪಿಗೂ ಅದರ ಮೇಲಿನ ಫ್ಯಾನ್-ಲೋಹದ ಕೂಲರಿಗೂ ನಡುವೆ ಹಚ್ಚುವ, ಬಿಸಿ ದಾಟಿಸುವ ಲೇಪ) ಬದಲಿಸಿದರೆ ಬಿಸಿ ಇಳಿಯುತ್ತಾ ಅಂತ ಕೇಳಿದ್ದೀರಿ. ಇಳಿಯುತ್ತದೆ ಸರ್. ಆದರೆ ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಹೊರಗೇ 42 ಇರುವಾಗ ಜಾಸ್ತಿ ಆಸೆ ಬೇಡ.

ಮೊದಲು ಧೂಳು ತೆಗೆಯಿರಿ, ಅರ್ಧ ಕೆಲಸ ಅಲ್ಲೇ ಆಗಬಹುದು. ಕೂಲರ್ ಬಿಚ್ಚಿದಾಗ ಸರಕ್ಕನೆ ಎಳೆಯಬೇಡಿ, ಫ್ಯಾನ್ ವೈರಿನ ಪುಟ್ಟ ಕನೆಕ್ಟರ್ ಕಿತ್ತುಬರುತ್ತದೆ. ಹಳೇ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಂತೆ ಅಂಟಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒರೆಸಿ. ಕಾರ್ಡಿನ ಮುಖ್ಯ ಚಿಪ್ಪಿಗೆ ಮೇಲೆ ಲೋಹದ ಮುಚ್ಚಳ ಇರುವುದಿಲ್ಲ, ಹಾಗಾಗಿ ಹೊಸ ಪೇಸ್ಟನ್ನು ಮೂಲೆಮೂಲೆಗೂ ತೆಳ್ಳಗೆ ಹರಡಿ. ಮೆಮೊರಿ ಚಿಪ್ಪುಗಳ ಮೇಲಿನ, ಬಿಸಿ ದಾಟಿಸುವ ಮೆತ್ತನೆಯ ಪ್ಯಾಡ್ ಹರಿದರೆ ಅದೇ ದಪ್ಪದ್ದು ಹಾಕಿ. ಅಲ್ಲಿ ಪೇಸ್ಟ್ ಬಳಿಯಬೇಡಿ.

ಅಂದಹಾಗೆ, ಸದ್ದು ಗಾಳಿಯದೋ, ಕರಕರ ಅನ್ನುವುದೋ? ಕರಕರ ಆದರೆ ಬೇರಿಂಗ್ ಸವೆದಿದೆ, ಫ್ಯಾನೇ ಬದಲಿಸಿ.